ಅಡುಗೆಮನೆಯ ಸೀಲಿಂಗ್ ಲೈಟು: ನಡುವಿಗಾ, ಕಟ್ಟೆಯ ಅಂಚಿಗಾ?

ನಮ್ಮ ಅಡುಗೆಮನೆ 12 ಅಡಿಗೆ 10 ಅಡಿ. 10 ಅಡಿಯ ಎರಡು ಗೋಡೆಗೂ ಕಟ್ಟೆ ಇದೆ, ನಡುವೆ ಓಡಾಡೋ ಜಾಗ. ಹೊಸದಾಗಿ ಮಾಡಿಸಿದಾಗ ಫಾಲ್ಸ್ ಸೀಲಿಂಗಿನಲ್ಲಿ ಆರು ಡೌನ್‌ಲೈಟ್, ಅಂದರೆ ಸೀಲಿಂಗಿನ ತೂತಿನೊಳಗೆ ಕೂತು ಕೆಳಗೆ ಬೆಳಕು ಬೀರುವ ಲೈಟು, ಹಾಕಿಸಿದೆ. 12 ಅಡಿಯನ್ನು ಮೂರು ಸಮಪಾಲು ಮಾಡಿ ಎರಡು ಸಾಲು, ಸಾಲಿಗೆ ಮೂರು ಲೈಟು. ತಲೆ ಎತ್ತಿ ನೋಡಿದರೆ ದಾರ ಕಟ್ಟಿ ಜೋಡಿಸಿದ ಹಾಗಿತ್ತು. ಮೊದಲ ದಿನ ಸಂಜೆ ಅಮ್ಮ ಚಾಕು, ಹಲಗೆ ಇಟ್ಟುಕೊಂಡು ಕಟ್ಟೆ ಮುಂದೆ ನಿಂತರು. ಎರಡು ನಿಮಿಷ ಆಗಿರಲಿಲ್ಲ, ಕರೆದರು. "ಆರು ಲೈಟ್ ಹಾಕ್ಸಿದ್ದೀಯ, ನನ್ನ ಬೆರಳೇ ನನಗೆ ಕಾಣ್ತಿಲ್ವಲ್ಲೋ!"

ಹೋಗಿ ನೋಡಿದರೆ ಹಲಗೆ ಮೇಲೆ ಅವರ ತಲೆಯದೇ ನೆರಳು. ನೆಲ ಫಳಫಳ ಹೊಳೆಯುತ್ತಿತ್ತು. ಕೆಲಸ ಮಾಡೋ ಜಾಗ ಮಾತ್ರ ಮಂಕು.

ಆಮೇಲೆ ಆರೂ ತೂತು ಮುಚ್ಚಿಸಿ, ಬೇರೆ ಆರು ಕೊರೆಸಿದೆ. ಲೈಟು ಅವೇ. ಜಾಗ ಬರೀ ಎರಡಡಿ ಸರಿಯಿತು, ಅಷ್ಟೇ. ಪೇಂಟು ಮತ್ತೆ ಹೊಡೆಸಬೇಕಾಯಿತು, ಅದು ಬೇರೆ. ಆ ತಲೆನೋವು ನಿಮಗೆ ಬೇಡ ಅಂತಲೇ ಈ ಹೋಲಿಕೆ.

ನಡುವಿನ ಸಾಲಾ, ಕಟ್ಟೆಯ ಅಂಚಾ?

ಮಿಕ್ಕ ಎಲ್ಲ ಆಯ್ಕೆಗಳಿಗಿಂತ ಇದೇ ಮುಖ್ಯ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಾಮಾನ್ಯವಾಗಿ ಹೇಳುವ ಲೆಕ್ಕ ಒಂದಿದೆ. ಸೀಲಿಂಗ್ ಎಷ್ಟು ಎತ್ತರವೋ ಅದರ ಅರ್ಧದಷ್ಟು ದೂರಕ್ಕೆ ಒಂದೊಂದು ಲೈಟು, ಗೋಡೆಯಿಂದ ಅದರ ಅರ್ಧ. 9 ಅಡಿ ಸೀಲಿಂಗ್ ಆದರೆ ಲೈಟಿಂದ ಲೈಟಿಗೆ ನಾಲ್ಕೂವರೆ ಅಡಿ, ಗೋಡೆಯಿಂದ ಎರಡೂಕಾಲು ಅಡಿ. ಹಾಲ್‌ಗೆ, ಮಲಗುವ ಕೋಣೆಗೆ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಜನ ನಡುವೆ ಕೂರುತ್ತಾರೆ, ಓಡಾಡುತ್ತಾರೆ. ಅಡುಗೆಮನೆಯಲ್ಲಿ ಹಾಗಲ್ಲ. ಗೋಡೆಗೆ ಮುಖ ಮಾಡಿ ನಿಲ್ಲುತ್ತೇವೆ. ಕೋಣೆಯ ನಡುವೆ ಇರುವುದೆಲ್ಲ ನಮ್ಮ ಬೆನ್ನ ಹಿಂದೆ.

ನಮ್ಮ ಮನೆಯ ಅಳತೆಯನ್ನೇ ತೆಗೆದುಕೊಳ್ಳಿ. ಕಟ್ಟೆ 2 ಅಡಿ ಅಗಲ, 3 ಅಡಿ ಎತ್ತರ. ಲೈಟು ಗೋಡೆಯಿಂದ 4 ಅಡಿ ದೂರ, 9 ಅಡಿ ಎತ್ತರದಲ್ಲಿತ್ತು. ಕೆಲಸಕ್ಕೆ ಸ್ವಲ್ಪ ಬಗ್ಗಿ ನಿಂತಾಗ ತಲೆ ಗೋಡೆಯಿಂದ ಎರಡೂಕಾಲು ಅಡಿ ದೂರದಲ್ಲಿ, ಸುಮಾರು ಐದೂಕಾಲು ಅಡಿ ಎತ್ತರದಲ್ಲಿ ಇರುತ್ತದೆ. ಲೈಟಿಂದ ತಲೆಯ ಮೇಲೆ ಹಾದು ಒಂದು ಗೆರೆ ಎಳೆಯಿರಿ. ಅದು ಕಟ್ಟೆಗೆ ತಾಗುವುದು ಗೋಡೆಯಿಂದ 14 ಇಂಚಿನ ಹತ್ತಿರ. ಅಲ್ಲಿಂದ ಈಚೆ, ಅಂದರೆ ಮುಂದಿನ 10 ಇಂಚು ಪೂರ್ತಿ ನಿಮ್ಮ ನೆರಳು. ಹಲಗೆ ಇಡುವುದು ಸರಿಯಾಗಿ ಅಲ್ಲೇ ಅಲ್ವಾ?

ಈಗ ಅದೇ ಲೈಟನ್ನು ಗೋಡೆಯಿಂದ 2 ಅಡಿಗೆ, ಕಟ್ಟೆಯ ಅಂಚಿನ ನೇರಕ್ಕೆ ತನ್ನಿ. ಲೈಟು ತಲೆಗಿಂತ ಚೂರು ಮುಂದೆ ಬರುತ್ತದೆ. ನೆರಳು ಬೆನ್ನ ಹಿಂದೆ ನೆಲಕ್ಕೆ ಬೀಳುತ್ತದೆ. ಕೈ ಮೇಲೆ ನೇರ ಬೆಳಕು.

ಹಾಗಾದರೆ ನಡುವಿನ ಜಾಗ ಕತ್ತಲಾಗುವುದಿಲ್ಲವಾ ಅಂತ ಕೇಳಬಹುದು. 60 ಡಿಗ್ರಿ ಅಗಲಕ್ಕೆ ಬೆಳಕು ಹರಡುವ ಲೈಟು 9 ಅಡಿ ಮೇಲಿಂದ ನೆಲದ ಮೇಲೆ ಸುಮಾರು 10 ಅಡಿ ಅಗಲದ ವೃತ್ತ ಬೀಳಿಸುತ್ತದೆ. ಎರಡೂ ಕಡೆಯ ಸಾಲುಗಳ ಬೆಳಕು ನಡುವೆ ಒಂದರ ಮೇಲೊಂದು ಬರುತ್ತದೆ. ಓಡಾಡಲು ಅಷ್ಟು ಧಾರಾಳವಾಗಿ ಸಾಕು. ಕೋಣೆ ಇನ್ನೂ ಅಗಲ ಇದ್ದರೆ, 14 ಅಡಿ ದಾಟಿದರೆ, ನಡುವೆ ಒಂದೆರಡು ಬೇರೆ ಹಾಕಿಸಿ. ಆದರೆ ಮೊದಲು ಕಟ್ಟೆಯದು ಗುರುತು ಮಾಡಿ, ನಡುವಿನದು ಆಮೇಲೆ.

ಅಂಚಿಗೆ ತರುವುದು ಒಳ್ಳೆಯದು ಅಂತ ಇನ್ನೂ ಗೋಡೆಗೆ ಒತ್ತಿಬಿಡಬೇಡಿ. ಮೇಲೆ ಕಪಾಟು ಇದ್ದರೆ ಅದು ಒಂದಡಿಯಷ್ಟು ಮುಂದೆ ಬಂದಿರುತ್ತದೆ. ಲೈಟು ಗೋಡೆಯಿಂದ ಒಂದೂವರೆ ಅಡಿಗೆ ಬಂದರೆ ಕಪಾಟಿನ ಬಾಗಿಲಿಗೂ ಲೈಟಿಗೂ ಬರೀ 6 ಇಂಚು. ಬಾಗಿಲಿನ ಮೇಲೆ ಕಮಾನಿನ ಆಕಾರದ ಬೆಳಕಿನ ಕಲೆ ಮೂಡುತ್ತದೆ. ಹೊಳಪಿನ ಲ್ಯಾಮಿನೇಟ್ ಆದರಂತೂ ಕಣ್ಣು ಕುಕ್ಕುತ್ತದೆ. ಕಪಾಟಿನ ಮುಖದಿಂದ ಒಂದಡಿ ಬಿಟ್ಟರೆ ಸರಿ. ಕಪಾಟೇ 14 ಇಂಚು ಆಳ ಇದ್ದರೆ ಲೈಟನ್ನು ಗೋಡೆಯಿಂದ 26 ಇಂಚಿಗೆ ಸರಿಸಿ.

ಇನ್ನೊಂದು ಮಾತು. ಆ 2 ಅಡಿಯನ್ನು ಎಲ್ಲಿಂದ ಅಳೆಯಬೇಕು? ಟೈಲ್ ಕೂತ ಮೇಲಿನ ಗೋಡೆಯಿಂದ. ಕಪಾಟಿನ ನಕ್ಷೆ ಪಕ್ಕಾ ಆಗುವ ಮುಂಚೆ ಸೀಲಿಂಗಿಗೆ ಗುರುತು ಹಾಕಿಸಿದರೆ ಎರಡು ಇಂಚು ಅಲ್ಲಿ, ಮೂರು ಇಂಚು ಇಲ್ಲಿ ತಪ್ಪೇ ತಪ್ಪುತ್ತದೆ. ಫ್ರಿಡ್ಜಿನ ಮೇಲಿನ ಆಳದ ಕಪಾಟು, ನೆಲದಿಂದ ಸೀಲಿಂಗಿನವರೆಗಿನ ಉದ್ದ ಕಪಾಟು ಇವೆಲ್ಲ ಬೇರೆ ಬೇರೆ ಆಳದವು. ಅವುಗಳ ಬಾಗಿಲು ತೆಗೆದಾಗ ಲೈಟಿಗೆ ಅಡ್ಡ ಬರುತ್ತದಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ಅಗಲ ಬೆಳಕಾ, ಕಿರಿದು ಬೆಳಕಾ?

ಡಬ್ಬದ ಮೇಲೆ ಬೀಮ್ ಆ್ಯಂಗಲ್ ಅಂತ ಬರೆದಿರುತ್ತದೆ. ಬಹಳ ಜನ ವ್ಯಾಟ್ ನೋಡುತ್ತಾರೆ, ಇದನ್ನು ನೋಡುವುದೇ ಇಲ್ಲ. ಬೆಳಕು ಎಷ್ಟು ಹರಡುತ್ತದೆ ಅಂತ ಹೇಳುವುದು ಇದೇ.

9 ಅಡಿ ಸೀಲಿಂಗಿಂದ 3 ಅಡಿ ಕಟ್ಟೆಗೆ 6 ಅಡಿ ಇಳಿತ. 36 ಡಿಗ್ರಿ ಲೈಟು ಕಟ್ಟೆ ಮೇಲೆ ಹೆಚ್ಚುಕಡಿಮೆ 4 ಅಡಿಯ ವೃತ್ತ ಬೀಳಿಸುತ್ತದೆ. 60 ಡಿಗ್ರಿಯದು ಸುಮಾರು 7 ಅಡಿ. ಒಂದೇ ಲ್ಯೂಮೆನ್ನಿನ, ಅಂದರೆ ಒಟ್ಟು ಅಷ್ಟೇ ಬೆಳಕು ಕೊಡುವ, ಎರಡು ಲೈಟು ತೆಗೆದುಕೊಂಡರೆ, 60ರದ್ದು ಮೂರು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಹಾಗಾಗಿ ಅದೇ ಲೈಟು ಕಟ್ಟೆ ಮೇಲೆ ಮೂರರಲ್ಲಿ ಒಂದು ಪಾಲು ಮಾತ್ರ ಪ್ರಕಾಶ ಕೊಡುತ್ತದೆ.

ಹಾಗಂತ ಕಿರಿದೇ ಮೇಲು ಅಂತಲ್ಲ. 24 ಡಿಗ್ರಿ ಅಥವಾ 36 ಡಿಗ್ರಿ ಲೈಟುಗಳನ್ನು ದೂರ ದೂರ ಹಾಕಿದರೆ ಕಟ್ಟೆ ಮೇಲೆ ಬೆಳಕಿನ ಗುಂಡು, ಕತ್ತಲೆಯ ಸಂದು, ಮತ್ತೆ ಬೆಳಕಿನ ಗುಂಡು. ನೆರಳೂ ಚೂಪು. 36 ಡಿಗ್ರಿ ಆದರೆ ಮೂರು ಅಡಿಗೊಂದು ಬೇಕೇ ಬೇಕು. 60 ಆದರೆ ಮೂರೂವರೆ, ನಾಲ್ಕು ಅಡಿಗೊಂದು ಸಾಕು. ನಮ್ಮ 10 ಅಡಿ ಕಟ್ಟೆಗೆ ಮೂರು ಲೈಟು, ನಡುವೆ 40 ಇಂಚು, ಎರಡು ತುದಿಗೆ 20 ಇಂಚು.

ನನ್ನ ಆಯ್ಕೆ ಕಟ್ಟೆಯ ಸಾಲಿಗೆ 60. ಕಿರಿದು ಬೀಮನ್ನು ಸೀಲಿಂಗ್ 10 ಅಡಿ ದಾಟಿದ್ದರೆ ಯೋಚಿಸಬಹುದು. ಕೆಳಗಿನ ಸೀಲಿಂಗಿಗೆ, 8 ಅಡಿಯದಕ್ಕೆ, ಅದರ ಗೊಡವೆಯೇ ಬೇಡ.

ಸೈಜಿನ ವಿಚಾರ ಚಿಕ್ಕದು. ಹಿಂದೆ ಒಳಗೆ ದಪ್ಪ ಬಲ್ಬು ಕೂರಬೇಕಿತ್ತು, ಅದಕ್ಕೆ 6 ಇಂಚಿನ ದೊಡ್ಡ ಡಬ್ಬ ಬೇಕಾಗುತ್ತಿತ್ತು. ಎಲ್‌ಇಡಿಗೆ ಆ ಹಂಗಿಲ್ಲ. 4 ಇಂಚು ಅಡುಗೆಮನೆಗೆ ಸರಿಹೊಂದುತ್ತದೆ, ಸೀಲಿಂಗಿನಲ್ಲಿ ಎದ್ದು ಕಾಣುವುದಿಲ್ಲ. ಹಳೆಯ 6 ಇಂಚಿನ ತೂತು ಆಗಲೇ ಇದ್ದರೆ, ಮತ್ತು ಅದು ಸರಿಯಾದ ಜಾಗದಲ್ಲೇ ಇದ್ದರೆ, ಸುಮ್ನೆ ಮುಚ್ಚಿಸಲು ಹೋಗಬೇಡಿ. ಆ ಸೈಜಿನದೇ ಎಲ್‌ಇಡಿ ಸಿಗುತ್ತದೆ.

ತೆಳು ಪ್ಯಾನೆಲಾ, ಆಳದ ಡೌನ್‌ಲೈಟಾ?

ಇದರಲ್ಲಿ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ತೆಳು ಪ್ಯಾನೆಲ್ ನನಗೆ ಇಷ್ಟವಿಲ್ಲ.

ಆದರೂ ಅದಕ್ಕೆ ಒಂದು ದೊಡ್ಡ ಅನುಕೂಲ ಇದೆ. ಜಾಗ ಕೇಳುವುದಿಲ್ಲ. ಫಾಲ್ಸ್ ಸೀಲಿಂಗ್ ಬರೀ ಎರಡು ಇಂಚು ಇಳಿಸಿದ್ದರೂ ಕೂರುತ್ತದೆ. ಮೇಲೆ ಮರದ ತೊಲೆಯೋ ಕಬ್ಬಿಣದ ಫ್ರೇಮೋ ಅಡ್ಡ ಬಂದರೂ ಅದರ ಕೆಳಗೇ ಹಾಕಬಹುದು, ಡ್ರೈವರ್ (ಎಲ್‌ಇಡಿಗೆ ಕರೆಂಟು ಹೊಂದಿಸಿ ಕೊಡುವ ಪುಟ್ಟ ಡಬ್ಬ) ಪಕ್ಕಕ್ಕೆ ಸರಿದು ಕೂರುತ್ತದೆ. ಆಳದ ಡೌನ್‌ಲೈಟಿಗೆ ಮೂರು ನಾಲ್ಕು ಇಂಚಾದರೂ ಬೇಕು. ತೊಲೆ ಇದ್ದ ಕಡೆ ಲೈಟೇ ಸರಿಯಬೇಕು, ತೊಲೆ ಸರಿಯುವುದಿಲ್ಲ.

ತೊಂದರೆ ಏನೆಂದರೆ ಪ್ಯಾನೆಲ್ ಎಲ್ಲ ಕಡೆಗೂ ಬೆಳಕು ಚೆಲ್ಲುತ್ತದೆ. ಅದರ ಮುಖ ಸೀಲಿಂಗಿನ ಮಟ್ಟದಲ್ಲೇ ಇರುವುದರಿಂದ ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಬಿಳಿ ಬಿಲ್ಲೆಗಳು ಕಣ್ಣಿಗೆ ಹೊಡೆಯುತ್ತವೆ. ಪಕ್ಕದ ಊಟದ ಮೇಜಿನಲ್ಲಿ ಕೂತವರಿಗೆ ಇನ್ನೂ ಜಾಸ್ತಿ. ಆಳದ ಡೌನ್‌ಲೈಟಿನಲ್ಲಿ ಎಲ್‌ಇಡಿ ಒಂದೆರಡು ಇಂಚು ಒಳಗೆ ಕೂತಿರುತ್ತದೆ. ನೇರ ಕೆಳಗೆ ನಿಂತು ಮೇಲೆ ನೋಡಿದರೆ ಮಾತ್ರ ಕಾಣುತ್ತದೆ. ಕಟ್ಟೆ ಬೆಳಗುತ್ತದೆ, ಬೆಳಕು ಎಲ್ಲಿಂದ ಬರುತ್ತಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಒಳಮೈ ಕಪ್ಪಾಗಿರುವ ಡೌನ್‌ಲೈಟುಗಳು ಕಣ್ಣಿಗೆ ಇನ್ನೂ ತಂಪು, ಆದರೆ ಸ್ವಲ್ಪ ಬೆಳಕನ್ನು ತಾವೇ ನುಂಗುತ್ತವೆ. ತಿರುಗಿಸಬಹುದಾದ ತಲೆಯವು ಎಲ್ಲ ಕಡೆ ಬೇಡ. ತೊಲೆ ಅಡ್ಡ ಬಂದು ಲೈಟು ಅರ್ಧ ಅಡಿ ಹಿಂದೆ ಸರಿದ ಕಡೆ ಒಂದು ಹಾಕಿಸಿ, ಕಟ್ಟೆ ಕಡೆಗೆ ತಿರುಗಿಸಿ. ಇಳಿಜಾರು ಸೀಲಿಂಗಿಗೂ ಅದೇ ಗತಿ.

ಜಾಗ ಇದೆಯಾ? ಆಳದ್ದು ಹಾಕಿಸಿ. ಇಲ್ಲವಾ? ಪ್ಯಾನೆಲ್ ಹಾಕಿಸಿ, ಬೆಳಕು ಕಮ್ಮಿ ಜಾಸ್ತಿ ಮಾಡುವ ಡಿಮ್ಮರ್ ಇಡಿ.

ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಬೇಕಾ?

ಮೇಲಿನ ಕಪಾಟು ಇದ್ದರೆ ಬೇಕು. ಇದರಲ್ಲಿ ಎರಡು ಮಾತಿಲ್ಲ.

ಮತ್ತೆ ಅದೇ ಗೆರೆಯ ಲೆಕ್ಕ. ಕಪಾಟಿನ ತಳ ಕಟ್ಟೆಯಿಂದ ಒಂದೂವರೆ ಅಡಿ ಮೇಲೆ, ಮುಖ ಗೋಡೆಯಿಂದ ಒಂದಡಿ ಮುಂದೆ. ಸರಿಯಾಗಿ 2 ಅಡಿಗೆ ಹಾಕಿದ ಡೌನ್‌ಲೈಟಿನ ಬೆಳಕು ಕಪಾಟಿನ ಕೆಳಗಿನ ಅಂಚನ್ನು ಸವರಿಕೊಂಡು ಒಳಗೆ ನುಗ್ಗುವುದು ನಾಲ್ಕೇ ಇಂಚು. ಗೋಡೆ ಕಡೆಯ 8 ಇಂಚು ಕತ್ತಲೆ. ಡಬ್ಬಿ, ಮಿಕ್ಸಿ, ಸಾಕೆಟ್ಟು ಇರುವುದೆಲ್ಲ ಆ ಕತ್ತಲೆಯಲ್ಲೇ. ಮೇಲೆ ಹತ್ತು ಲೈಟು ಹಾಕಿದರೂ ಇದು ಹೋಗುವುದಿಲ್ಲ, ಯಾಕೆಂದರೆ ಅಡ್ಡ ನಿಂತಿರುವುದು ಕಪಾಟು.

ಕೈಯಲ್ಲಿ ಇರುವ ಹಣ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ? ಡೌನ್‌ಲೈಟಿನಲ್ಲಿ ಎರಡು ಕಮ್ಮಿ ಮಾಡಿ, ಪಟ್ಟಿ ಬಿಡಬೇಡಿ. ಕೈಗೆ ಹತ್ತಿರದ ಬೆಳಕು ಅದು, ನೆರಳೇ ಇಲ್ಲದ ಬೆಳಕು.

ಹಾಕುವಾಗ ಪಟ್ಟಿಯನ್ನು ಕಪಾಟಿನ ತಳದ ಮುಂಭಾಗಕ್ಕೆ ಅಂಟಿಸಿ, ಗೋಡೆ ಕಡೆಗಲ್ಲ. ಗೋಡೆ ಹತ್ತಿರ ಹಾಕಿದರೆ ಟೈಲ್ ಹೊಳೆಯುತ್ತದೆ, ಹಲಗೆ ಮಂಕಾಗುತ್ತದೆ. ಪಾಲಿಶ್ ಮಾಡಿದ ಕಲ್ಲಿನ ಕಟ್ಟೆಯಾದರೆ ಎಲ್‌ಇಡಿ ಚುಕ್ಕಿಗಳು ಅದರಲ್ಲಿ ಕನ್ನಡಿಯ ಹಾಗೆ ಕಾಣುತ್ತವೆ. ಅದಕ್ಕೆ ಅಲ್ಯೂಮಿನಿಯಂ ಪ್ರೊಫೈಲಿನ, ಅಂದರೆ ಉದ್ದ ಕಾಲುವೆಯಂಥ ಚೌಕಟ್ಟಿನ, ಒಳಗೆ ಹಾಕಿ, ಹಾಲುಬಣ್ಣದ ಮುಚ್ಚಳ ಇರಲಿ. ಎಲ್‌ಇಡಿಗಳನ್ನು ಒತ್ತೊತ್ತಾಗಿ ಕೂರಿಸಿದ ಸಿಒಬಿ ಪಟ್ಟಿ ತೆಗೆದುಕೊಂಡರೆ ಚುಕ್ಕಿಯೇ ಇರುವುದಿಲ್ಲ, ಒಂದೇ ಗೆರೆಯ ಹಾಗೆ ಉರಿಯುತ್ತದೆ. ಪ್ರೊಫೈಲ್ ಬರೀ ಅಂದಕ್ಕಲ್ಲ. ಬಿಸಿ ಅದರ ಮೂಲಕ ಹೊರಹೋಗುತ್ತದೆ, ಎಲ್‌ಇಡಿ ಜಾಸ್ತಿ ದಿನ ಬರುತ್ತದೆ. ಬರೀ ಮರಕ್ಕೆ ಅಂಟಿಸಿದ ಪಟ್ಟಿ ಅಂಟು ಬಿಟ್ಟು ನೇತಾಡುವುದನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ.

ಕಪಾಟೇ ಇಲ್ಲದ, ಬರೀ ತೆರೆದ ಗೋಡೆಯ ಕಟ್ಟೆಗೆ ಡೌನ್‌ಲೈಟೊಂದೇ ಸಾಕು.

ಸಿಂಕು, ಒಲೆ, ಐಲ್ಯಾಂಡ್

ಸಿಂಕಿಗೆ ತನ್ನದೇ ಒಂದು ಲೈಟು, ಅದರ ನಟ್ಟನಡುವಿನ ನೇರಕ್ಕೆ. ಕಿಟಕಿ ಇದೆಯಲ್ಲ ಅಂತ ಬಿಟ್ಟುಬಿಡುತ್ತಾರೆ. ರಾತ್ರಿ ಪಾತ್ರೆ ತೊಳೆಯುವಾಗ ಆ ಕಿಟಕಿ ಕರಿಹಲಗೆ. ಕಟ್ಟೆಯ ಉಳಿದ ಲೈಟುಗಳ ಅಂತರವನ್ನು ಸಿಂಕಿನ ಲೈಟಿನಿಂದಲೇ ಶುರು ಮಾಡಿ ಲೆಕ್ಕ ಹಾಕಿದರೆ ಜೋಡಣೆ ತಾನಾಗಿಯೇ ಸರಿಹೋಗುತ್ತದೆ.

ಒಲೆ ಮೇಲೆ ಚಿಮಣಿ ಇದ್ದರೆ ಅದರಲ್ಲೇ ಲೈಟು ಇರುತ್ತದೆ, ಸೀಲಿಂಗಿನದು ಅಲ್ಲಿಗೆ ಇಳಿಯುವುದೂ ಇಲ್ಲ. ಚಿಮಣಿ ಇಲ್ಲದಿದ್ದರೆ ಮುಖಕ್ಕೆ ಗಾಜು ಇರುವ, ಪೂರ್ತಿ ಮುಚ್ಚಿದ ಲೈಟನ್ನೇ ಹಾಕಿಸಿ. ತೆರೆದದ್ದರ ಒಳಗೆ ಜಿಡ್ಡು ಕೂತರೆ ಒರೆಸುವುದು ಹರಸಾಹಸ.

ಐಲ್ಯಾಂಡಿಗೆ, ಅಂದರೆ ಗೋಡೆಗೆ ತಾಗದೆ ನಡುವೆ ನಿಲ್ಲುವ ಕಟ್ಟೆಗೆ, ತೂಗುದೀಪವೋ, ಸೀಲಿಂಗಿನ ಒಳಗಿನ ಲೈಟೋ? ತೂಗುದೀಪ ನೋಡಲು ಚೆಂದ. ಕಟ್ಟೆಯಿಂದ 30ರಿಂದ 36 ಇಂಚು ಮೇಲೆ ತೂಗಿದರೆ ಎದುರಿಗಿರುವವರ ಮುಖವೂ ಕಾಣುತ್ತದೆ, ಬೆಳಕೂ ಬೀಳುತ್ತದೆ. ಆದರೆ ಅಲ್ಲೇ ಹಿಟ್ಟು ನಾದುವುದು, ಹೆಚ್ಚುವುದು ಎಲ್ಲ ಮಾಡುವವರು ಅದನ್ನೊಂದೇ ನೆಚ್ಚಿಕೊಳ್ಳಬೇಡಿ. ಎರಡು ಡೌನ್‌ಲೈಟು ಇರಲಿ. ಐಲ್ಯಾಂಡ್ ಮುಂದೆ ಯಾವ ದಿನ ಸರಿಯುತ್ತದೋ ಅನ್ನುವ ಅನುಮಾನ ಇದ್ದರೆ ತೂಗುದೀಪವೇ ಬೇಡ.

ಸೀಲಿಂಗ್ ಫ್ಯಾನ್ ಇರುವ ಅಡುಗೆಮನೆಯಲ್ಲಿ ರೆಕ್ಕೆ ಸುತ್ತುವ ವೃತ್ತದ ಮೇಲೆ ಲೈಟು ಬರಕೂಡದು. ಬಂದರೆ ಫ್ಯಾನು ತಿರುಗಿದಷ್ಟು ಹೊತ್ತೂ ಬೆಳಕು ಪಟಪಟ ಕಡಿಯುತ್ತದೆ. ಐದು ನಿಮಿಷಕ್ಕೆ ತಲೆ ಸಿಡಿಯುತ್ತದೆ.

ಎಷ್ಟು ಬೆಳಕು, ಯಾವ ಬಣ್ಣ

ಸಾಮಾನ್ಯ ಬೆಳಕಿಗೆ 300 ಲಕ್ಸ್, ಕೈ ಕೆಲಸದ ಕಟ್ಟೆಗೆ 500 ಲಕ್ಸ್ ಅಂತ ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ನಮ್ಮ ಕೋಣೆ 120 ಚದರ ಅಡಿ, ಅಂದರೆ 11 ಚದರ ಮೀಟರ್ ಚಿಲ್ಲರೆ. 300ರ ಲೆಕ್ಕಕ್ಕೆ 3,300 ಲ್ಯೂಮೆನ್. ಗೋಡೆ, ಕಪಾಟು ನುಂಗುವುದಕ್ಕೆ ಮೂರರಲ್ಲಿ ಒಂದು ಪಾಲು ಹೋಯಿತು ಅಂದುಕೊಂಡರೆ 5,000 ಬೇಕು. 10 ವ್ಯಾಟಿನ ಎಲ್‌ಇಡಿ ಸಾಮಾನ್ಯವಾಗಿ 800ರಿಂದ 1,000 ಲ್ಯೂಮೆನ್ ಕೊಡುತ್ತದೆ. ಹಾಗಾಗಿ ಆರು. ಕಟ್ಟೆಗೆ ಬೇಕಾದ ಉಳಿದದ್ದನ್ನು ಕಪಾಟಿನಡಿಯ ಪಟ್ಟಿ ತುಂಬುತ್ತದೆ. ಕಡು ಬಣ್ಣದ ಕಪಾಟು, ಕಪ್ಪು ಕಲ್ಲು ಇದ್ದರೆ ಇನ್ನೊಂದೆರಡು ಸೇರಿಸಿ. ಇಷ್ಟೇ ಕೋಣೆಗೆ ಹನ್ನೆರಡು ಹಾಕಿಸಿದವರ ಮನೆ ನೋಡಿದ್ದೇನೆ. ಅರ್ಧ ಯಾವಾಗಲೂ ಆರಿಸಿಯೇ ಇರುತ್ತವೆ.

ಬಣ್ಣಕ್ಕೆ 3000 ಕೆಲ್ವಿನ್ ಬೆಚ್ಚಗೆ, 4000 ಶುದ್ಧ ಬಿಳಿ, 6500 ನೀಲಿ ಹತ್ತಿದ ಬಿಳಿ. 3000ಕ್ಕೂ 4000ಕ್ಕೂ ನಡುವೆ ನಿಮ್ಮ ಇಷ್ಟ. 6500 ನನಗಂತೂ ಆಸ್ಪತ್ರೆ ವಾರ್ಡಿನ ನೆನಪು ತರುತ್ತದೆ. ಏನೇ ಆರಿಸಿ, ಡೌನ್‌ಲೈಟು ಮತ್ತು ಪಟ್ಟಿ ಎರಡೂ ಒಂದೇ ಬಣ್ಣ ಇರಲಿ. ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಂಕ, 90ಕ್ಕಿಂತ ಮೇಲಿರಲಿ. ಕಮ್ಮಿ ಇದ್ದರೆ ಕೆಂಪೆಲ್ಲ ಕಂದು ಕಂದಾಗಿ ಕಾಣುತ್ತದೆ, ಹಣ್ಣು ಮಾಗಿದೆಯೋ ಕೊಳೆತಿದೆಯೋ ತಿಳಿಯುವುದಿಲ್ಲ.

ಸ್ವಿಚ್ಚು ಮೂರು ಬೇರೆ ಬೇರೆ ಇರಲಿ: ಸೀಲಿಂಗಿನದಕ್ಕೊಂದು, ಪಟ್ಟಿಗೊಂದು, ಐಲ್ಯಾಂಡಿಗೊಂದು. ರಾತ್ರಿ ನೀರು ಕುಡಿಯಲು ಬಂದಾಗ ಪಟ್ಟಿಯೊಂದೇ ಸಾಕು. ಡಿಮ್ಮರ್ ಹಾಕಿಸುವುದಾದರೆ ಲೈಟಿನ ಡ್ರೈವರ್ ಡಿಮ್ ಆಗುವಂಥದ್ದೇ ಇರಬೇಕು. ಇಲ್ಲದಿದ್ದರೆ ಮಿಣುಕುತ್ತದೆ, ಇಲ್ಲ ಗುಂಯ್ ಅನ್ನುತ್ತದೆ. ಒಂದು ಲೈಟು, ಒಂದು ಡಿಮ್ಮರ್ ತಂದು ಮೊದಲು ಜೋಡಿಸಿ ನೋಡಿ, ಆಮೇಲೆ ಮಿಕ್ಕದ್ದು ತನ್ನಿ.

ತೂತು ಕೊರೆಯುವ ಮುಂಚೆ

ಲೈಟಿನ ಜಾಗವನ್ನು ಸೀಲಿಂಗಿನಲ್ಲಿ ಗುರುತಿಸುವುದಕ್ಕಿಂತ ನೆಲದಲ್ಲಿ ಗುರುತಿಸುವುದು ಸುಲಭ. ಕಟ್ಟೆ ಬರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಅಂಚಿನ ಮೇಲೆ ಲೈಟಿನ ಚುಕ್ಕಿ ಹಾಕಿ, ತೂಗುಗುಂಡು ಬಿಟ್ಟೋ ಲೇಸರ್ ಹಿಡಿದೋ ಮೇಲಕ್ಕೆ ಒಯ್ಯಿರಿ. ಬೋರ್ಡು ಮುಚ್ಚುವ ಮುಂಚೆ ಫ್ರೇಮು, ವೈರು ಎಲ್ಲಿ ಹೋಗಿದೆ ಅಂತ ಅಳತೆ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮೇಲೆ ಶಾಖ ತಡೆಯುವ ಉಣ್ಣೆಯಂಥ ಹೊದಿಕೆ ಇದ್ದರೆ ಐಸಿ ರೇಟಿಂಗ್ ಇರುವ, ಅಂದರೆ ಹೊದಿಕೆಗೆ ತಾಗಿದರೂ ಅಪಾಯವಿಲ್ಲದ, ಲೈಟನ್ನೇ ಹಾಕಿಸಿ. ಮಿಕ್ಕವು ಹೊದಿಕೆಗೆ ತಾಗಿದರೆ ಬಿಸಿ ಹೊರಹೋಗದೆ ಅಪಾಯ.

4 ಇಂಚಿನ ಲೈಟಿಗೆ 4 ಇಂಚಿನದೇ ತೂತು ಅಂತ ತಿಳಿಯಬೇಡಿ. ಡಬ್ಬದ ಮೇಲೆ ಕಟ್‌ಔಟ್ ಅಂತ ಬೇರೆಯೇ ಅಳತೆ ಇರುತ್ತದೆ. ಲೈಟು ಕೈಯಲ್ಲಿ ಇಟ್ಟುಕೊಂಡೇ ಕೊರೆಸಿ. ಎರಡು ಲೈಟು ಹೆಚ್ಚಿಗೆ ತಂದು ಎತ್ತಿಡಿ. ನಾಲ್ಕು ವರ್ಷದ ಮೇಲೆ ಒಂದು ಕೆಟ್ಟರೆ ಅದೇ ಮಾಡೆಲ್ ಸಿಗುವುದು ಕಷ್ಟ, ಸಿಕ್ಕರೂ ಬಿಳಿ ಬೇರೆ ಬಿಳಿಯಾಗಿರುತ್ತದೆ.

ಕೊನೆಗೆ, ಕೊರೆಯುವ ಹಿಂದಿನ ರಾತ್ರಿ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿ ಅಡುಗೆ ಮಾಡುವವರನ್ನೇ ಕಟ್ಟೆ ಮುಂದೆ ನಿಲ್ಲಿಸಿ. ಕಟ್ಟೆ ಇನ್ನೂ ಕೂತಿಲ್ಲದಿದ್ದರೆ ಅಷ್ಟೇ ಎತ್ತರದ ಮೇಜು ಆದೀತು. ನೀವು ಏಣಿ ಹತ್ತಿ, ಗುರುತು ಹಾಕಿದ ಜಾಗದಲ್ಲಿ ಟಾರ್ಚು ಕೆಳಮುಖ ಹಿಡಿಯಿರಿ. ಅವರು ಹಲಗೆ ಮೇಲೆ ಕೈ ಆಡಿಸಲಿ. ನೆರಳು ಎಲ್ಲಿ ಬೀಳುತ್ತಿದೆ ಅಂತ ಅವರೇ ಹೇಳುತ್ತಾರೆ. ಎರಡನೇ ಸಲ ನಾನು ಏಣಿ ಮೇಲಿದ್ದೆ, ಕೆಳಗೆ ಅಮ್ಮ. "ಇನ್ನೂ ಚೂರು ಮುಂದೆ... ಇನ್ನೂ ಚೂರು... ಹ್ಞಾ, ಅಲ್ಲೇ ಇರ್ಲಿ."